ಹಾಲಳತೆಯ ಕೋಲಿನ ಮೇಲೆ ಯಾರ ಗುರುತು

ತೊಆದೆರ್ ಹುಟ್ಟಿದಾರಭ್ಯ ಯಾರ ಕೈಕೆಳಗೂ ದುಡಿದವನಲ್ಲ. ಹಳೆಯ ಕಮ್ಯುನಿಸ್ಟ್ ಸರ್ಕಾರ ಸಿಬಿಯು ಪಟ್ಟಣದ ಕೆಳಗಿನ ಹೊಲಗಳನ್ನೆಲ್ಲ ಕಿತ್ತುಕೊಂಡಾಗಲೂ ಬೆಟ್ಟದ ಮೇಲಿದ್ದ ಅವನಪ್ಪನ ಕುರಿಗಳ ತಂಟೆಗೆ ಬಂದಿರಲಿಲ್ಲ. ಅದನ್ನೇ ಹೇಳಿಕೊಂಡು ಮೀಸೆ ತಿರುವುತ್ತ ಅರವತ್ತು ದಾಟಿದ್ದ.

ಆಮೇಲೆ ಬಂತು, ನಲವತ್ತು ವರ್ಷದೊಳಗಿನ ರೈತರಿಗೆ ಸಹಾಯಧನ. ಊರವರೆಲ್ಲ ಮಾಡಿದ್ದನ್ನೇ ತೊಆದೆರನೂ ಮಾಡಿದ. ಎಂಬತ್ತು ಕುರಿ, ಹುಲ್ಲುಗಾವಲು ಎಲ್ಲವನ್ನೂ ಮಗಳು ಸವೇತಾಳ ಹೆಸರಿಗೆ ಬರೆದುಕೊಟ್ಟ. ಅವಳು ಮುಂದಿಟ್ಟ ಕಾಗದಗಳಿಗೆಲ್ಲ ಓದದೆ ರುಜು ಹಾಕಿದ. "ಹೆಸರು ಅವಳ್ದು, ಕುರಿ ನಂದು," ಎಂದು ಹೆಂಡದಂಗಡಿಯಲ್ಲಿ ಸಾರಿದ. ದುಡ್ಡು ಬಂತು, ಹೊಸ ಕೊಟ್ಟಿಗೆ ಎದ್ದಿತು. ಆ ಚಳಿಗಾಲವಿಡೀ ಕುರಿ ಈಯುವಾಗ ಸವೇತಾ ಕೊಟ್ಟಿಗೆಯಲ್ಲೇ ಮಲಗಿದಳು. ಅದನ್ನು ಅವನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಮೇ ತಿಂಗಳಲ್ಲಿ ಹಾಲಳತೆ. ಊರ ಕುರಿಗಳೆಲ್ಲ ಬೇಸಿಗೆಗೆ ಒಂದೇ ಹಟ್ಟಿ ಸೇರುವ ಮುನ್ನ, ಪ್ರತಿಯೊಂದು ಮನೆಯವರೂ ತಮ್ಮ ಕುರಿಗಳ ಹಾಲು ಕರೆದು ಎಲ್ಲರೆದುರು ಅಳೆಸಬೇಕು. ಹಟ್ಟಿಯ ಹಿರಿಯ ಪಿಂತಿಲಿಯೆ ಎಂಬವನು ಅದನ್ನು ಕೋಲಿನ ಮೇಲೆ ಕೊರೆದು, ಪಕ್ಕದಲ್ಲಿ ಯಜಮಾನನ ಗುರುತು ಹಾಕುತ್ತಾನೆ. ಬೇಸಿಗೆಯಿಡೀ ಹಟ್ಟಿಯಲ್ಲಿ ಮಾಡುವ ಚೀಸಿನಲ್ಲಿ ಆ ಮನೆಗೆ ಸಿಗುವ ಪಾಲು ಅದರಂತೆಯೇ.

ತೊಆದೆರ್ ಬೆಳಿಗ್ಗೆಯಿಂದ ಹಾಲು ಕರೆಯುತ್ತಿದ್ದ. ಆಗ ಸಹಾಯಧನದ ತಪಾಸಣೆಯ ಅಧಿಕಾರಿಣಿ ಹೇಳದೆ ಕೇಳದೆ ಕಾರಿನಿಂದ ಇಳಿದಳು.

"ಈ ಕುರಿಗಳ ಯಜಮಾನರು ಯಾರು?"

ತೊಆದೆರ್ ಬಾಯಿ ತೆರೆದವನು ಹಾಗೇ ಮುಚ್ಚಿದ. "ನಾನು" ಎಂದರೆ ದುಡ್ಡೆಲ್ಲ ವಾಪಸು.

"ನಾನೇ," ಎಂದಳು ಸವೇತಾ.

"ಮತ್ತೆ ಇವರು?"

"ಕೂಲಿಗಿದ್ದಾರೆ. ಕರಾರು ಪತ್ರ ಇದೆ, ನೋಡಿ."

ಅವನಿಗೆ ಸಿಡಿಲು ಬಡಿದಂತಾಯಿತು. ಪತ್ರದ ಕೆಳಗಿದ್ದದ್ದು ಅವನದೇ ರುಜು! ಊರಿಗೆ ಊರೇ ನೋಡುತ್ತಿತ್ತು.

ಕಾರು ಇಳಿಜಾರಿನಲ್ಲಿ ಮರೆಯಾದ ಮೇಲೆ ಪಿಂತಿಲಿಯೆ ಹಾಲು ಅಳೆದು, ಚಾಕು ತೆಗೆದು ಕಣ್ಣು ಮಿಟುಕಿಸಿದ. "ಏನಯ್ಯಾ ಕೂಲಿಯವ್ನೇ, ಯಾರ ಗುರುತು ಹಾಕ್ಲಿ?"

"ನಾಟಕ ಮುಗೀತಲ್ಲ ಮಾರಾಯ! ನಂದೇ ಹಾಕು," ಎಂದು ತೊಆದೆರ್ ಹಲ್ಲು ಕಿರಿದ.

"ನಂದು ಹಾಕಿ, ಮಾವ," ಎಂದಳು ಸವೇತಾ.

ತೊಆದೆರ್ ಮಗಳನ್ನು ಹೊಸಬಳನ್ನು ನೋಡಿದಂತೆ ನೋಡಿದ.

"ಆ ಕಾರಿನವ್ಳು ಹೋದಳಲ್ಲೇ! ಇನ್ನೂ ಯಾಕೆ?"

"ಅವ್ಳಿಗೋಸ್ಕರ ಅಲ್ಲಪ್ಪಾ. ಚಳಿಗಾಲ ಪೂರ್ತಿ ಮರಿ ಹೊರಗೆಳೆದಿದ್ದು ನಾನು. ಒಂದಾದ್ರೂ ಸತ್ತಿತಾ, ಹೇಳು?"

ಒಂದೂ ಸತ್ತಿರಲಿಲ್ಲ. ಅವನ ಕಾಲದಲ್ಲಿ ಒಂದೂ ಮರಿ ಸಾಯದ ಚಳಿಗಾಲವೇ ಇರಲಿಲ್ಲ. ಪಿಂತಿಲಿಯೆ ಅವನ ಮುಖ ನೋಡಿದ, ಅವಳ ಮುಖ ನೋಡಿದ, ಕೊನೆಗೆ ಅವಳು ಹೇಳಿದ ಗುರುತನ್ನೇ ಕೊರೆದ. ತೊಆದೆರನ ಅಪ್ಪ, ಅಜ್ಜ, ಮುತ್ತಜ್ಜ ಹಾಕಿಸಿದ್ದ ಗುರುತು ಆ ವರ್ಷ ಕೋಲಿನ ಮೇಲೆ ಬೀಳಲಿಲ್ಲ.

ತೊಆದೆರ್ ಟೋಪಿ ತೆಗೆದು ಎದೆಗೊತ್ತಿ ಹಿಡಿದ. ಅವಳಿಗೆ ಚುಚ್ಚಬೇಕೆಂದೇ ಕೇಳಿದ, "ನಾಳೆ ಎಷ್ಟು ಗಂಟೆಗೆ ಬರ್ಬೇಕು, ಯಜಮಾನ್ತಿ?"

"ಬೆಳಗಿನ ಜಾವ ನಾಲ್ಕಕ್ಕೆ," ಎಂದಳು ಮಗಳು, ಬಕೆಟ್ ತೊಳೆಯುತ್ತ. "ತಡ ಮಾಡ್ಬೇಡಪ್ಪಾ."