ಗಾಡಿಯಿಲ್ಲದ ನೊಗ

ನನ್ನ ಮೊಣಕಾಲಿಗೆಂದು ಸೊಸೆ ಬೇವಿನೆಣ್ಣೆ ಕಾಯಿಸಿ, ಅರಿಶಿಣ ಕಲಸಿ ತಂದಳು. ಮೂಗಿಗೆ ಸೆರಗು ಅಡ್ಡ ಹಿಡಿದುಕೊಂಡೇ ಹಚ್ಚಿದಳು. ಅವಳದೇನೂ ತಪ್ಪಿಲ್ಲ, ಆ ವಾಸನೆ ಯಾರಿಗೂ ಸೇರುವಂಥದ್ದಲ್ಲ. ನನಗೆ ಮಾತ್ರ ಒಂದು ಬಿಳಿ ಹೋರಿಯ ಹೆಗಲು, ಅದರ ಮೇಲೆ ಮೆಲ್ಲಗೆ ಓಡಾಡುವ ನಮ್ಮಣ್ಣನ ಕೈ ಕಂಡವು... ಬೇಡವೆಂದರೂ ಕಂಡವು.

ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಚಂದ ಮಾಡಿ ಬರೆಯಲು ಬಾರದು. ಹಂಗಿಸಲು ಮಾತ್ರ ಚೆನ್ನಾಗಿ ಬರುತ್ತದೆ, ಮೊದಲಿನಿಂದಲೂ. ಆ ನಾಲಗೆಯಿಂದ ಏನಾಯಿತು ಅನ್ನುವುದನ್ನೇ ಬರೆಯುತ್ತಿದ್ದೇನೆ.

ನನ್ನ ತವರು ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯ ಪಕ್ಕದ ಊರು. ಜೋಳ, ಸಜ್ಜೆ, ತೊಗರಿ ಬೆಳೆಯುವ ಒಣ ನೆಲ. ಅಪ್ಪ ಬೇಗ ತೀರಿಕೊಂಡದ್ದರಿಂದ ಮನೆ ನಡೆಸಿದವನು ಅಣ್ಣ. ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಜೋಡಿಯಲ್ಲಿ ಒಂದು ಎತ್ತು ಹಾವು ಕಚ್ಚಿ ಸತ್ತಿತು. ಉಳಿದ ಬಿಳಿ ಎತ್ತಿಗೆ ಜೊತೆಯಾಗಲೆಂದು ಅಣ್ಣ ಲಿಂಗಸುಗೂರು ಸಂತೆಯಿಂದ ಒಂದು ಎಳೆ ಹೋರಿ ತಂದ. ಅದೂ ಬಿಳಿ, ಕೊಂಬಿನ ತಿರುವೂ ಅದೇ. ಎರಡೂ ಒಂದೇ ತಾಯಿ ಹೊಟ್ಟೆಯವು ಅನ್ನಬೇಕು, ಹಾಗಿದ್ದವು.

ಬೇರೆಯವರು ಹೋರಿ ತಂದರೆ ನಾಲ್ಕು ಮಂದಿ ಹಗ್ಗ ಹಿಡಿದು, ಬಡಿದು, ವಾರದಲ್ಲಿ ಗಾಡಿಗೆ ಹೂಡುತ್ತಿದ್ದರು. ನಮ್ಮಣ್ಣ ಅದರ ಮುಂದೆ ನೊಗವನ್ನು ನೆಲದ ಮೇಲಿಟ್ಟು, ಮೂಸಿ ನೋಡಲಿ ಎಂದು ಬೀಡಿ ಸೇದುತ್ತ ಕುಳಿತ. ಆಮೇಲೆ ಒಂದು ಕೊರಡು ಕಟ್ಟಿ ಹೊಲದಲ್ಲಿ ಎಳೆಸಿದ. ಆಮೇಲೆ ಹಳೆಯ ಎತ್ತಿನ ಜೊತೆ ನೊಗ ಹೊರಿಸಿದ. ನೊಗ ಅಷ್ಟೇ, ಗಾಡಿ ಇಲ್ಲ. ಬೆಳಗಾದರೆ ಎರಡನ್ನೂ ಹೊಡೆದುಕೊಂಡು ಲಿಂಗಸುಗೂರು ದಾರಿ ಹಿಡಿಯುವುದು, ಹೋರಿ ಎಲ್ಲಿ ನಿಂತಿತೋ ಅಲ್ಲಿ ತಾನೂ ನಿಲ್ಲುವುದು, ಅದಕ್ಕೆ ಸಾಕು ಅನ್ನಿಸಿದ ಕಡೆಯಿಂದ ಹೊಳ್ಳಿ ಬರುವುದು. ಹೋಗುವಾಗ ಏನೂ ಒಯ್ಯುತ್ತಿರಲಿಲ್ಲ, ಬರುವಾಗ ಏನೂ ತರುತ್ತಿರಲಿಲ್ಲ.

ಚಹದಂಗಡಿಯ ಕಟ್ಟೆಯ ಮೇಲೆ ಕುಳಿತವರಿಗೆ ಇದೇ ಮೋಜು.

"ಏನಪಾ, ಮೂರೂ ಮಂದಿ ಎಲ್ಲಿಗೆ ಹೊಂಟೀರಿ?"

"ಇಲ್ಲೇ, ಹೋಗಿ ಬರ್ತೀವ್ರೀ."

"ಏನು ಕೆಲಸಿತ್ತು?"

"ಹೋಗಿ ಬರೋದ ಕೆಲಸ."

"ಹಂಗಾರ ಲಿಂಗಸೂರಾಗ ಹೋರಿಗೊಂದು ಚಾ ಕುಡಿಸ್ಕೊಂಡು ಬಾ."

ಅವನೂ ಅವರ ಜೊತೆ ನಕ್ಕು ಮುಂದೆ ಹೋಗುತ್ತಿದ್ದ. ಇವತ್ತು ಅದೇ ಕಟ್ಟೆಯವರು, ಬದುಕಿ ಉಳಿದವರು, "ನಿಮ್ಮಣ್ಣ ದೇವರಂಥ ಮನಿಷ್ಯಾ" ಅನ್ನುತ್ತಾರೆ. ಸತ್ತವರನ್ನು ಹೊಗಳಲು ಖರ್ಚೇನು. ನನಗೆ ಅವರ ಮುಖದ ಮೇಲೆ ಉಗುಳಬೇಕು ಅನ್ನಿಸುತ್ತದೆ. ಆದರೆ ಮೊದಲು ಕನ್ನಡಿಯ ಮೇಲೆ ಉಗುಳಬೇಕಾದೀತು.

ಯಾಕೆಂದರೆ ಅವರಿಗಿಂತ ಹೆಚ್ಚು ಅವನನ್ನು ಕೀಳಾಗಿ ಕಂಡವಳು ನಾನು. ನನ್ನನ್ನು ಸಿಂಧನೂರಿನ ಆಚೆ ಸಾಲಗುಂದದ ಕಡೆ ಕೊಟ್ಟಿದ್ದರು. ಕಾಲುವೆ ನೀರು, ವರ್ಷಕ್ಕೆ ಎರಡು ಸಲ ಭತ್ತ. ಅಲ್ಲಿಯವರು ನಮ್ಮ ಕಡೆಯವರನ್ನು ಜೋಳದ ಮಂದಿ ಅನ್ನುತ್ತಿದ್ದರು. ತಾವು ಅನ್ನ ಕಂಡು ಹತ್ತು ವರ್ಷ ಆಗಿರಲಿಲ್ಲ, ಆದರೂ ಅನ್ನುತ್ತಿದ್ದರು. ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಬಾಣಂತನ ಮುಗಿಸಿ ತವರಿನಿಂದ ಟ್ರ್ಯಾಕ್ಟರಿನ ಮೇಲೆ ಬಂದು ಇಳಿದಿದ್ದಳು. ತೊಟ್ಟಿಲ ಜೊತೆ ಮಂಚವನ್ನೂ ತಂದಿದ್ದಳು. ಮಗುವಿಗಿಂತ ಮಂಚವನ್ನೇ ಹೆಚ್ಚು ದಿನ ತೋರಿಸಿದಳು.

ನನ್ನ ಮೊದಲ ಹೆರಿಗೆಯೂ ತವರಿನಲ್ಲಾಯಿತು. ಗಂಡು. ಐದನೆಯ ತಿಂಗಳಲ್ಲಿ ಮಗು, ತೊಟ್ಟಿಲು ಸಮೇತ ಕಳಿಸಿಕೊಡುವುದು ತವರಿನವರ ಕೆಲಸ. ಆ ಬಿಳಿ ಜೋಡಿಯ ಗಾಡಿಯಲ್ಲೇ ಹೋಗಿ ಇಳಿಯಬೇಕು, ನೆಗೆಣ್ಣಿ ಬಾಗಿಲಲ್ಲಿ ನಿಂತು ನೋಡಬೇಕು ಅಂತ ನನಗೆ ಹಟ.

"ಹೋರಿ ಹೆಗಲು ಇನ್ನೂ ಹಸಿ ಐತಿ ಬೇ. ಇನ್ನೊಂದು ಸುಗ್ಗಿ ಹೋಗ್ಲಿ," ಅಂದ ಅಣ್ಣ. "ಈಗ ಬಾಜೂ ಮನಿ ಕರಿ ಎತ್ತು ಕಟ್ಟಿ ಬಿಟ್ಟು ಬರ್ತೀನಿ."

"ಒಂದು ಕರೀದು ಒಂದು ಬಿಳೀದು ಕಟ್ಕೊಂಡು ಹೋಗಿ ನಗಿಸ್ಕೋಬೇಕೇನು? ನೀ ಅದಕ್ಕ ನಡೆಯೋದು ಕಲಿಸೂತನ ನನ್ನ ಮಗ ಎದ್ದು ಓಡ್ಯಾಡ್ತಾನ."

ಅಷ್ಟಕ್ಕೆ ಬಿಟ್ಟಿದ್ದರೆ... ಬಿಡಲಿಲ್ಲ. ಓಣಿಯ ಹೆಂಗಸರ ಮುಂದೆ, ನಮ್ಮಣ್ಣನಿಗೆ ತಂಗಿಯ ಮಾನಕ್ಕಿಂತ ಹೋರಿಯ ಹೆಗಲು ದೊಡ್ಡದು, ಅಪ್ಪ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಂದೆ. ಅಪ್ಪನ ಮಾತು ತೆಗೆದರೆ ಅವನು ಸೋಲುತ್ತಾನೆ ಅಂತ ಗೊತ್ತಿತ್ತು. ಗೊತ್ತಿದ್ದೇ ತೆಗೆದೆ. ಅವನು ಎದ್ದು ಹೋಗಿ ಗಾಡಿಯ ಕೀಲಿಗೆ ಎಣ್ಣೆ ಹಾಕಿದ.

ಸಾಮಾನು ಕಡಿಮೆ ಮಾಡು ಅಂದ, ನಾನು ಎರಡು ಚೀಲ ಜೋಳ ಹೆಚ್ಚು ಹೇರಿಸಿದೆ. ನಡುವೆ ಒಂದು ರಾತ್ರಿ ಎಲ್ಲಾದರೂ ಇಳಿದು ಹೋಗೋಣ ಅಂದ, ಹೊತ್ತು ಮುಳುಗುವ ಮೊದಲು ಓಣಿ ಸೇರಬೇಕು, ಕತ್ತಲಲ್ಲಿ ಹೋದರೆ ಯಾರು ನೋಡುತ್ತಾರೆ ಅಂದೆ. ಆದರೂ ಆ ಹೋರಿ ಚೆನ್ನಾಗಿಯೇ ನಡೆಯಿತು. ಸಿಂಧನೂರು ಪೇಟೆಯಲ್ಲಿ ಜನ ನಿಂತು ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ.

ಪೇಟೆ ದಾಟಿ ಕಾಲುವೆ ದಾರಿಗೆ ಇಳಿದೆವು. ಗದ್ದೆಗೆ ನೀರು ಬಿಟ್ಟಿದ್ದರು, ದಾರಿಯೆಲ್ಲ ಕರಿ ಕೆಸರು. ಗಂಡನ ಮನೆಯ ಓಣಿಯ ಬೇವಿನ ಮರ ಕಾಣುವಷ್ಟು ಹತ್ತಿರ ಬಂದಾಗ ಗಾಲಿ ಹೂತಿತು. ಅಣ್ಣ ಕೆಳಗೆ ಧುಮುಕಿ ಗಾಲಿಗೆ ಭುಜ ಕೊಟ್ಟ.

"ಒಂಚೂರು ಇಳಿ ಬೇ. ಹಗೂರಾಗ್ಲಿ."

"ಬಾಣಂತಿ ಕೆಸರಾಗ ಇಳೀಲೇನು? ಅಲ್ಲಿ ಮಂದಿ ನೋಡಾಕತ್ತಾರ."

ಬಾಣಂತಿತನ ಯಾವಾಗಲೋ ಮುಗಿದಿತ್ತು. ಜೋಳದ ಮಂದಿಯವಳು ಕೆಸರು ಮೆತ್ತಿಕೊಂಡು ಬಂದಳು ಅನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ, ಅಷ್ಟೇ. ಗಾಡಿಯಲ್ಲಿ ಒಂದು ಬಾರುಕೋಲು ಬಿದ್ದಿತ್ತು, ತುದಿಗೆ ಮೊಳೆ ಇದ್ದದ್ದು. ಅಪ್ಪನ ಕಾಲದ್ದು, ಅಣ್ಣ ಅದನ್ನು ಆ ಹೋರಿಗೆ ಮುಟ್ಟಿಸಿರಲಿಲ್ಲ. ಒಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡು, ಮುಂದೆ ಬಾಗಿ, ನಾನು ಹೋರಿಯ ತೊಡೆಗೆ ಚುಚ್ಚಿದೆ. ಮತ್ತೆ ಚುಚ್ಚಿದೆ.

ಅದು ಮೈಯೆಲ್ಲ ಬಿಲ್ಲಾಗಿಸಿ ಎಳೆಯಿತು. ನೊಗದ ಕೆಳಗೆ ಚರ್ಮ ಸುಲಿದು ಬಂತು. ಮುಂಗಾಲು ಮಡಚಿ ಕುಳಿತಿತು, ಆಮೇಲೆ ಪಕ್ಕಕ್ಕೆ ಉರುಳಿ ಕೆಸರಲ್ಲಿ ಮಲಗಿಬಿಟ್ಟಿತು. ಅಣ್ಣ ಗಾಲಿ ಬಿಟ್ಟು ಬಂದು ಅದರ ತಲೆಯನ್ನು ಕೆಸರಿನಿಂದ ಮೇಲೆ ಹಿಡಿದ. ನನ್ನ ಕೈಯಲ್ಲಿದ್ದ ಬಾರುಕೋಲನ್ನು ನೋಡಿದ.

ಕೊನೆಗೆ ಬಂದದ್ದು ಟ್ರ್ಯಾಕ್ಟರೇ, ಗಂಡನ ಮನೆಯವರು ಊರಿನಿಂದ ತಂದದ್ದು. ಗಾಡಿಯನ್ನು ನನ್ನ ಸಮೇತ ಎಳೆದು ತಂದು ಬಾಗಿಲಿಗೆ ನಿಲ್ಲಿಸಿದರು. ನೆಗೆಣ್ಣಿ ಆರತಿ ತಟ್ಟೆ ಹಿಡಿದುಕೊಂಡೇ, "ತವರಿನವರು ಎತ್ತು ಕೊಟ್ಟು, ಎಳೆಯೋ ಕೆಲಸ ನಮಗ ಬಿಟ್ಟಾರ ನೋಡ್ರಿ," ಅಂದಳು. ನಾನು ಆ ಸಿಟ್ಟನ್ನೂ ಅಣ್ಣನ ಮೇಲೆಯೇ ತೀರಿಸಿಕೊಂಡೆ. ಅವನನ್ನು ಊಟಕ್ಕೆ ಕೂಡಿಸುವಾಗ ಮುಖ ಕೊಟ್ಟು ಮಾತಾಡಲಿಲ್ಲ.

ಬೇವಿನೆಣ್ಣೆ, ಅರಿಶಿಣದಲ್ಲಿ ಹುಣ್ಣು ಮಾಯಿತು. ಆದರೆ ನೊಗ ಕಂಡರೆ ಸಾಕು, ಆ ಹೋರಿ ಕಾಲು ಮಡಚಿ ಮಲಗುತ್ತಿತ್ತು. ಮಲಗುವ ಎತ್ತನ್ನು ಕಟುಕರನ್ನು ಬಿಟ್ಟರೆ ಯಾರೂ ಕೊಳ್ಳುವುದಿಲ್ಲ. ಮಾರಿ ಕೈ ತೊಳೆದುಕೋ ಎಂದು ಊರೆಲ್ಲ ಹೇಳಿತು. "ನಾನ ಅವಸರ ಮಾಡಿದ್ನಿ, ಅದರದೇನು ತಪ್ಪು," ಅನ್ನುತ್ತಿದ್ದನಂತೆ ಅಣ್ಣ. ನನ್ನ ಹೆಸರನ್ನು ಎಲ್ಲಿಯೂ ತೆಗೆಯಲಿಲ್ಲ. ನಾನೂ ಹೇಳಲಿಲ್ಲ. ಅವನು ನೊಗವನ್ನು ಮತ್ತೆ ನೆಲದ ಮೇಲಿಟ್ಟು, ಹೋರಿ ಮೂಸಲಿ ಎಂದು ಕಾಯುತ್ತ ಕುಳಿತ. ಮತ್ತೆ ಕೊರಡು, ಮತ್ತೆ ಲಿಂಗಸುಗೂರಿನ ದಾರಿ. ಹೊಲದ ಕೆಲಸಕ್ಕೆ ಬಾಡಿಗೆ ಎತ್ತು ತರುತ್ತಿದ್ದ. ಕಟ್ಟೆಯವರು ನಕ್ಕು ನಕ್ಕು ಸುಸ್ತಾಗಿ, ಕೊನೆಗೆ ನಗುವುದನ್ನೇ ಬಿಟ್ಟರು.

ಕೆಲವು ವರ್ಷಗಳಾದ ಮೇಲೆ, ತೊಂಬತ್ತರ ಸುಮಾರಿಗೆ ಇರಬೇಕು, ಪಂಚಮಿ ಹಬ್ಬಕ್ಕೆ ನನ್ನನ್ನು ಕರೆಯಲು ಅವನು ಸಾಲಗುಂದದ ಕಡೆಗೆ ನಡೆದು ಬಂದ. ಜೊತೆಗೆ ಎರಡೂ ಬಿಳಿ ಎತ್ತು, ಅವುಗಳ ಮೇಲೆ ನೊಗ. ಹಿಂದೆ ಗಾಡಿ ಇಲ್ಲ. ಮೂವರ ಕಾಲಿಗೂ ಕೆಸರು. ಅವನ ಮುಖದಲ್ಲಿದ್ದ ಸಂತೋಷ ಹೇಳಲಾರೆ...

"ಆ ಹೂತಿದ್ದ ಜಾಗಾ ದಾಟಿ ಬಂತು ನೋಡು ಬೇ. ಮಲಗಲಿಲ್ಲ. ನಿಂತು ಸ್ವಲ್ಪ ನೋಡ್ತು, ದಾಟಿಬಿಡ್ತು."

ನೆಗೆಣ್ಣಿ ಒಳಗಿನಿಂದ ಇಣುಕಿ, "ಗಾಡಿ ಮರೆತು ಬಂದೀರೇನ್ರಿ?" ಅಂದಳು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಅವರಿಗಿಂತ ಜೋರಾಗಿ ನಕ್ಕೆ, ಅವನು ನನ್ನವನಲ್ಲ ಅನ್ನುವ ಹಾಗೆ.

ಹೊರಡುವಾಗ ಅವನು, "ನಡಿ, ಮಾತಾಡಿಕೋಂತ ಹೋಗೋಣು. ಸಾಕಾದಲ್ಲಿ ಕೂಡೋಣು," ಅಂದ. ಆಗ ನನ್ನ ಕಾಲು ಗಟ್ಟಿಯಾಗಿದ್ದವು. "ನೀ ಹೋಗು, ನಾ ನಾಳೆ ಬಸ್ಸಿಗೆ ಬರ್ತೀನಿ," ಅಂದೆ. ಅವನು ತಲೆಯಾಡಿಸಿ ಎತ್ತುಗಳ ಜೊತೆ ಹೋದ. ಮರುದಿನ ಮಸ್ಕಿಯ ಈಚೆಗೆ ಬಸ್ಸಿನ ಕಿಟಕಿಯಿಂದ ಅವರನ್ನು ಕಂಡೆ. ಹೋರಿ ನಿಂತಿತ್ತು, ಅವನೂ ನಿಂತಿದ್ದ. ನಾನು ಕೈ ಮಾಡಲಿಲ್ಲ. ಪಕ್ಕದಲ್ಲಿ ಕುಳಿತವರು ಯಾರೆಂದು ಕೇಳಿಯಾರು ಅಂತ.

ಆ ಹೋರಿ ಕೊನೆಯವರೆಗೂ ಮತ್ತೆ ಗಾಡಿ ಎಳೆಯಲಿಲ್ಲ. ಅಣ್ಣ ಅದನ್ನು ಮಾರಲೂ ಇಲ್ಲ. ಅದು ಸತ್ತ ಮರುವರ್ಷ ಅವನೂ ಜ್ವರದಲ್ಲಿ ಹೋದ. ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವತ್ತೂ ಬಸ್ಸಿಗೇ ಹೋಗಿದ್ದೆ.

ಎಣ್ಣೆ ಹಚ್ಚಿ ಮುಗಿಸಿ ಸೊಸೆ ಕೈ ತೊಳೆದುಕೊಂಡು ಬಂದಳು.

"ಏಳ್ರಿ ಅತ್ತಿ, ಡಾಕ್ಟರ್ ಹೇಳ್ಯಾರ, ಒಂದೀಟು ಅಡ್ಡಾಡ್ರಿ."

"ಎಲ್ಲಿಗೆ ಹೋಗ್ಲೇ?"

"ಎಲ್ಲಿಗೂ ಇಲ್ಲ. ಸುಮ್ನ ಹೋಗಿ ಬರ್ರಿ."

ಗೋಡೆ ಹಿಡಿದು ಎದ್ದೆ. ಅಂಗಳದ ತುದಿಯವರೆಗೆ ಹೋಗಿ, ಅಲ್ಲಿ ಸ್ವಲ್ಪ ನಿಂತು, ಹೊಳ್ಳಿ ಬಂದೆ. ಮಾತಾಡಿಕೋಂತ ಹೋಗೋಣು ಅಂದವನು ಇರಲಿಲ್ಲ.