ಉಳಿದುಹೋದ ವಾಷರ್

ಮೇಸ್ತ್ರಿಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವ ಕಾಲದಲ್ಲೋ ಗಣಿಯ ಕೆಲಸದಲ್ಲಿ ಕಿತ್ತುಹೋಗಿ, ಮತ್ತೆ ಬೆಳೆಯದೆ, ಆ ಜಾಗದಲ್ಲಿ ನುಣ್ಣನೆಯ ಮಾಂಸವಷ್ಟೇ ಉಳಿದಿತ್ತು. ನೋಡಿದವರಿಗೆ ಮೈ ಜುಮ್ಮೆನ್ನುತ್ತಿತ್ತು. ಅವರಿಗೆ ಮಾತ್ರ ಅದೇ ದೊಡ್ಡ ಆಸ್ತಿ. ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಕಣ್ಣು ಮುಚ್ಚಿಕೊಂಡು ಆ ಬೋಳು ಬೆರಳನ್ನು ಅದರ ಮೇಲೆ ಆಡಿಸುತ್ತಿದ್ದರು. ನಮ್ಮ ಕಣ್ಣಿಗೆ ಕಾಣದ ಗೀರು ಅವರ ಬೆರಳಿಗೆ ಸಿಗುತ್ತಿತ್ತು. "ಓಯ್ತು, ಬಿಸಾಕು" ಎಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ.

ಚಿನ್ನದ ಗಣಿಯೊಳಕ್ಕೆ ಕೆಲಸಗಾರರನ್ನು ಇಳಿಸುವ ಪಂಜರಕ್ಕೆ ನಮ್ಮಲ್ಲಿ ಕೇಜು ಎನ್ನುತ್ತಿದ್ದರು. ಆ ಕೇಜನ್ನು ಇಳಿಸಿ ಎತ್ತುವ ದೊಡ್ಡ ಎಂಜಿನ್ನಿನ ಉಸ್ತುವಾರಿ ಮೇಸ್ತ್ರಿಯದು. ನಾನು ಬಂಗಾರಪೇಟೆ ಪಕ್ಕದ ಹಳ್ಳಿಯವನು, ಅದೇ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತ. ಎಪ್ಪತ್ತರ ದಶಕದ ಕೊನೆಯಲ್ಲಿ, ಬಂಗಲೆಯ ಸಾಹೇಬರು ಬಿಟ್ಟುಹೋಗಿದ್ದ ಒಂದು ಲಡಾಸು ಕಾರು ನನ್ನ ಪಾಲಿಗೆ ಬಂತು. ಅಂಥದೇ ಕಾರು ಇಟ್ಟುಕೊಂಡ ಇನ್ನೂ ಮೂವರಿದ್ದರು. ಅವರಲ್ಲಿ ರಾಬರ್ಟ್‌ಸನ್‌ಪೇಟೆಯ ಬೇಕರಿಯವನು ನನಗೆ ಜೋಡಿ. ಭಾನುವಾರ ಬೆಳಗಾದರೆ ಆಂಡರ್ಸನ್‌ಪೇಟೆಯ ಮೇಸ್ತ್ರಿ ಮನೆಯಂಗಳದಲ್ಲಿ, ಬೇವಿನ ಮರದ ಕೆಳಗೆ ನಮ್ಮ ಹಾಜರಿ. ಅಲ್ಲಿ ಅವರ ಲ್ಯಾಂಡ್‌ಮಾಸ್ಟರ್ ಕಾರು ನಿಂತಿರುತ್ತಿತ್ತು. ಗ್ಯಾರೇಜಿನವನ ಕೈ ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಕಲಿಸುವಾಗ ಮೇಸ್ತ್ರಿ ಚರ್ಮ ಸುಲಿಯುತ್ತಿದ್ದರು. ಈ ಕೈ ಮೈದಾ ಕಲಸುವುದಕ್ಕೇ ಲಾಯಕ್ಕು ಎಂದು ಬೇಕರಿಯವನಿಗೆ ವಾರವಾರವೂ ಮಂಗಳಾರತಿ. ಬಿಚ್ಚಿದ ಸಾಮಾನನ್ನು ಗೋಣಿಚೀಲದ ಮೇಲೆ ಬಿಚ್ಚಿದ ಕ್ರಮದಲ್ಲೇ ಜೋಡಿಸಬೇಕು. ತೀರಾ ಚಿಕ್ಕವು ಎನಾಮಲ್ ಬೇಸಿನ್ನಿನ ಸೀಮೆಎಣ್ಣೆಯಲ್ಲಿ ನೆನೆಯಬೇಕು. ಕೆಲಸ ಮುಗಿದಾಗ ಬೇಸಿನ್ ಖಾಲಿಯಾಗಿರಬೇಕು. "ಒಂದೇ ಒಂದು ಉಳುದ್ರೂ ನೀನು ರಿಪೇರಿ ಮಾಡಿಲ್ಲ ಕಣ್ಲಾ, ಕೊಲೆಗೆ ರೆಡಿ ಮಾಡಿದ್ದೀಯ" ಎನ್ನುತ್ತಿದ್ದರು.

ಮದುವೆಯಾದ ಹೊಸತರಲ್ಲಿ ನನ್ನ ಕಾರಿನ ಸ್ಟಿಯರಿಂಗನ್ನು ಯಾರನ್ನೂ ಕೇಳದೆ ನಾನೇ ಬಿಚ್ಚಿ ಕೂರಿಸಿದೆ. ಬೇತಮಂಗಲದಿಂದ ಬಂದಿದ್ದ ಮಾವನವರನ್ನು ಮುಂದೆ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಅವರ ಊರಿಗೆ ಹೊರಟವನು, ಜಂಬಕ್ಕೆ ಮೇಸ್ತ್ರಿಯ ಮನೆ ಮುಂದೆ ನಿಲ್ಲಿಸಿದೆ. ಅವರು ಒಗೆದ ಬಿಳಿ ಪಂಚೆಯಲ್ಲೇ ಕಾರಿನಡಿಗೆ ಜಾರಿದರು. ಹೊರಬಂದಾಗ ಅವರ ಅಂಗೈಯಲ್ಲಿ ಒಂದು ನಟ್ಟಿತ್ತು. ಸ್ಟಿಯರಿಂಗ್ ರಾಡಿನ ನಟ್ಟು. ಅದು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ನು ಹಾಕುವುದನ್ನೇ ನಾನು ಮರೆತಿದ್ದೆ. ಬರಿಗೈಯಲ್ಲಿ ತಿರುಗಿಸಿ ತೆಗೆದಿದ್ದರು.

ನನಗೆ ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವರು ಕಿಟಕಿಯ ಬಳಿ ಹೋಗಿ ಮಾವನವರಿಗೆ ಕೈಮುಗಿದರು.

"ಮಗಳನ್ನ ಕೊಟ್ಬಿಟ್ಟಿದ್ದೀರ, ಆಗೋಯ್ತು. ಇವನ ಕೈಗೆ ಸ್ಪ್ಯಾನರ್ ಮಾತ್ರ ಕೊಡಬ್ಯಾಡಿ ಸ್ವಾಮಿ."

ಬೀದಿಯವರು ನಕ್ಕರು. ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು; ಅಳುವೋ ನಗುವೋ ನಾನು ಇವತ್ತಿಗೂ ಕೇಳಿಲ್ಲ. ಮಾವನವರು ಬಸ್ಸಿಗೆ ಹೋದರು. ಬೀದಿ ಖಾಲಿಯಾದ ಮೇಲೆ ಮೇಸ್ತ್ರಿ ತಮ್ಮ ಡಬ್ಬಿಯಿಂದ ಹೊಸ ಪಿನ್ನು ತೆಗೆದು, ತಾವೇ ಹಾಕಿ, ಅದರ ಎರಡು ಕಾಲನ್ನೂ ಮಡಚಿ ಎದ್ದರು. ಮೂವರ ಜೀವ ಉಳಿಸಿದ್ದರು. ಅದು ನನಗೆ ಆಗಲೇ ತಿಳಿದಿತ್ತು. ಆದರೂ ಅವರ ಮೇಲೆ ಹಲ್ಲು ಮಸೆಯುತ್ತಲೇ ಇದ್ದೆ.

ಮುಂದಿನ ಬೇಸಿಗೆಯಲ್ಲಿ ಮೇಸ್ತ್ರಿ ಲ್ಯಾಂಡ್‌ಮಾಸ್ಟರಿನ ಗೇರ್‌ಬಾಕ್ಸ್ ಇಳಿಸಿದರು. ಮಧ್ಯಾಹ್ನ ಗಾಳಿಯೆದ್ದು, ಚಿನ್ನ ತೆಗೆದುಳಿದ ಕಲ್ಲುಪುಡಿ ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳು ಬೀದಿಗೆಲ್ಲ ನುಗ್ಗಿತು. ಅವರು ಸಾಮಾನಿನ ಮೇಲೆ ಒದ್ದೆ ಗೋಣಿ ಹೊದಿಸಿ, ಕಣ್ಣು ತೊಳೆಯಲು ಒಳಗೆ ಹೋದರು. ನನ್ನ ಜೇಬಿನಲ್ಲಿ ಎಂಟಾಣೆ ಅಗಲದ ಒಂದು ವಾಷರಿತ್ತು. ನಮ್ಮ ಹಳ್ಳಿಯ ತೋಟದ ಪಂಪ್‌ಸೆಟ್ಟಿನದು, ಬೇಕೆಂದೇ ತಂದದ್ದು. ಗೋಣಿಯ ಅಂಚೆತ್ತಿ ಅದನ್ನು ಬೇಸಿನ್ನಿಗೆ ಬಿಟ್ಟೆ. ನೋಡಿದ ಬೇಕರಿಯವನು ಅಂಗಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕ.

ಸಂಜೆಗೆ ಗೇರ್‌ಬಾಕ್ಸ್ ಕೂಡಿಸಿ, ಮೇಲೇರಿಸಿ, ಬೇಸಿನ್ ಬಗ್ಗಿಸಿದಾಗ ವಾಷರ್ ಟಣ್ಣೆಂದಿತು. ಮೇಸ್ತ್ರಿ ಅದನ್ನೆತ್ತಿ, ಕಣ್ಣು ಮುಚ್ಚಿ, ಬೋಳು ಬೆರಳಿನಲ್ಲಿ ತಿಕ್ಕಿ ನೋಡಿದರು.

"ಇದು ನಮ್ಮ ಗಾಡೀದಲ್ಲ ಕಣ್ಲಾ" ಎಂದರು.

ಆಗಲೇ ನಕ್ಕುಬಿಟ್ಟಿದ್ದರೆ ನಾಲ್ಕು ಬೈಗುಳಕ್ಕೆ ಎಲ್ಲ ಮುಗಿಯುತ್ತಿತ್ತು. ನಾನು ಮುಖ ಗಂಟಿಕ್ಕಿಕೊಂಡು, "ಇಲ್ಲ ಮೇಸ್ತ್ರಿ, ನೀವೇ ಗೇರಿನ ಶಾಫ್ಟಿನ ಹಿಂದಿನಿಂದ ಬಿಚ್ಚಿ ಹಾಕಿದ್ದು. ನಾನು ಕಣ್ಣಾರೆ ನೋಡಿದೆ" ಎಂದೆ.

ಪಿನ್ನಿನ ಅವಮಾನವಾದ ಮೇಲೆ ನಾನು ಪ್ರತಿ ನಟ್ಟನ್ನೂ ಎರಡು ಸಲ ನೋಡುವವನಾಗಿದ್ದೆ. ನಾಲ್ವರಲ್ಲಿ ಕಣ್ಣಿರುವುದು ಇವನೊಬ್ಬನಿಗೇ ಎಂದು ಮೇಸ್ತ್ರಿಯೇ ಬೇರೆಯವರ ಬಳಿ ಹೇಳಿದ್ದರಂತೆ. ಅವರು ನನ್ನನ್ನು ನೋಡಿದರು, ವಾಷರನ್ನು ನೋಡಿದರು. ತಮ್ಮ ಬೆರಳನ್ನು ಬಿಟ್ಟು ನನ್ನ ಕಣ್ಣನ್ನು ನಂಬಿದರು.

ಮುಂದಿನ ಭಾನುವಾರ ಮತ್ತೆ ಎಲ್ಲ ಬಿಚ್ಚಿದರು. ವಾಷರಿಗೆ ಜಾಗ ಸಿಗಲಿಲ್ಲ. ಅದರ ಮುಂದಿನ ವಾರವೂ ಅದೇ ಕತೆ. ಬೈಗುಳ ನಿಂತುಹೋಗಿತ್ತು, ಸ್ಪ್ಯಾನರ್ ಕೊಟ್ಟರೆ ಸುಮ್ಮನೆ ಇಸಿದುಕೊಳ್ಳುತ್ತಿದ್ದರು. ದಾರಿಯಲ್ಲಿ ಬೇಕರಿಯವನು, "ಸಾಕು ಕಣೋ, ನಿಜ ಏಳ್ಬಿಡಾಣ, ಪಾಪ" ಎಂದ. ಇನ್ನೊಂದು ವಾರ ಆಗಲಿ ಎಂದೆ. ಅವರು ಬಾಯಿ ಮುಚ್ಚಿಕೊಂಡದ್ದು ನನಗೆ ಬಹಳ ಖುಷಿ ಕೊಟ್ಟಿತ್ತು.

ಆ ವಾರದ ನಡುವೆ ಟೈಮ್ ಆಫೀಸಿನ ನನ್ನ ಮೇಜಿಗೇ ಒಂದು ಅರ್ಜಿ ಬಂತು. ಮೇಸ್ತ್ರಿಯ ಕೈಬರಹ. ತಮ್ಮ ಕೈ ಮೇಲೆ ತಮಗೆ ಮೊದಲಿನ ಭರವಸೆ ಇಲ್ಲ, ಕೇಜಿನ ಎಂಜಿನ್ನಿನಿಂದ ಬಿಡಿಸಿ ಬೇರೆ ಯಾವ ಕೆಲಸ ಕೊಟ್ಟರೂ ಸರಿ ಎಂದು ಎರಡೇ ಸಾಲು. ಕೆಳಗೆ ಎಂಜಿನಿಯರರ ಒಪ್ಪಿಗೆ ಆಗಲೇ ಬಿದ್ದಿತ್ತು. ಉಗ್ರಾಣದಲ್ಲಿ ಬೂಟು, ಟೋಪಿ ಹಂಚುವ ಕೆಲಸಕ್ಕೆ ಅವರ ಹೆಸರನ್ನು ವರ್ಗಾಯಿಸಿ ಬರೆದವನು ನಾನೇ.

ಆ ಸಂಜೆ ಹೇಳಿಬಿಡಲೆಂದೇ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ವಾಷರ್ ತಿಕ್ಕುತ್ತಿದ್ದರು. ಕಾರು ಚೆನ್ನಾಗಿ ಓಡುತ್ತಿದೆಯಲ್ಲ, ಇನ್ನೇಕೆ ಯೋಚನೆ ಎಂದು ಶುರು ಮಾಡಿದೆ.

"ಓಡ್ತೈತೆ. ಕೇಜೂ ಓಡ್ತಾನೇ ಇರ್ತೈತೆ ಕಣಪ್ಪ, ಬೀಳೋಗಂಟ" ಎಂದರು. "ಇಪ್ಪತ್ತು ವರ್ಸ ಎಷ್ಟು ಜನಾನ ಇಳಿಸಿದ್ದೀನಿ. ಅಲ್ಲಿ ಏನೇನು ಬಿಟ್ಟಿದ್ದೀನೋ, ಯಾರಿಗ್ಗೊತ್ತು."

ಅದುವರೆಗೆ ನನ್ನನ್ನು ಅಪ್ಪ ಎಂದವರಲ್ಲ. ನಾನು ಬಾಯಿ ಬಿಡಲಿಲ್ಲ. ಅವರಿಗೆ ಹೆದರಿ ಅಲ್ಲ. ವಿಷಯ ಗಣಿಗೆ ತಿಳಿದರೆ ನನ್ನ ಕೆಲಸ ಹೋಗುತ್ತದೆ, ಊರು ಉಗಿಯುತ್ತದೆ ಎಂದು ಹೆದರಿ. ಅಕ್ಕ ಕೊಟ್ಟ ಕಾಫಿ ಕುಡಿದು ಬಂದೆ. ಮೇಸ್ತ್ರಿಯ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ.

ಮೇಸ್ತ್ರಿ ಮತ್ತೆ ಸ್ಪ್ಯಾನರ್ ಹಿಡಿಯಲಿಲ್ಲ. ಸಾಮಾನನ್ನೆಲ್ಲ ನಮಗೇ ಹಂಚಿದರು. ಸ್ಪ್ಲಿಟ್ ಪಿನ್ನಿನ ಡಬ್ಬಿಯನ್ನು ನನಗೇ ಕೊಡಬೇಕೆಂದು ಹಟ ಹಿಡಿದು ಕೊಟ್ಟರು. ಅದು ಈಗಲೂ ನನ್ನಲ್ಲಿದೆ. ಇಂದಿಗೂ ಕಾರಿನಡಿ ನೋಡದೆ ನಾನು ಯಾರನ್ನೂ ಹತ್ತಿಸುವುದಿಲ್ಲ. ನನ್ನ ಮಕ್ಕಳು ಬದುಕಿ ಬೆಳೆದದ್ದು ಆ ಅಭ್ಯಾಸದಿಂದ.

ಹತ್ತು ವರ್ಷ ಉಗ್ರಾಣದಲ್ಲಿ ಬೂಟು ಹಂಚಿ, ನಿವೃತ್ತರಾಗಿ, ಎರಡು ವರ್ಷ ಕೆಮ್ಮಿ ತೀರಿಕೊಂಡರು. ತಿಥಿಯೆಲ್ಲ ಮುಗಿದ ಮೇಲೆ ಅಕ್ಕ ಹೇಳಿಕಳಿಸಿದರು. ಲ್ಯಾಂಡ್‌ಮಾಸ್ಟರನ್ನು ಒಯ್ಯಲು ಮಾರನೆಯ ದಿನ ಮದನಪಲ್ಲಿಯಿಂದ ಯಾರೋ ಬರುವವರಿದ್ದರು. ಅಕ್ಕ ಸೆರಗಿನ ಗಂಟು ಬಿಚ್ಚಿ ವಾಷರ್ ಕೈಗಿಟ್ಟರು. ತಿಕ್ಕಿ ತಿಕ್ಕಿ ಬೆಳ್ಳಿಯ ಹಾಗಾಗಿತ್ತು.

"ಇದರ ಜಾಗ ನೀನೇ ನೋಡಿದ್ದಂತಲ್ಲಪ್ಪ. ಗಾಡಿ ಓಗೋಕ್ ಮುಂಚೆ ಅವನ ಕೈಲಿ ಆಕ್ಸು ಅಂತ ಏಳಿ ಓದ್ರು."

ಕಾರಿನಡಿ ಮಲಗಿದೆ. ಮೇಲೆ ಒಂದೊಂದು ನಟ್ಟಿಗೂ ಪಿನ್ನಿತ್ತು. ಒಂದೊಂದು ಪಿನ್ನಿನ ಕಾಲೂ ಒಂದೇ ತರ ಮಡಚಿತ್ತು. ವಾಷರನ್ನು ಜೇಬಿಗೆ ಹಾಕಿಕೊಂಡೆ. ಅಕ್ಕನಿಗೆ ಕೇಳಲೆಂದು ಗೇರ್‌ಬಾಕ್ಸಿನ ಮೇಲೆ ನಾಲ್ಕು ಸಲ ಸ್ಪ್ಯಾನರ್ ಬಡಿದು, ಸ್ವಲ್ಪ ಹೊತ್ತು ಹಾಗೇ ಇದ್ದು ಹೊರಗೆ ಬಂದೆ.

"ಇಷ್ಟು ಬೇಗ ಆಗೋಯ್ತಾ? ಅವ್ರಿಗೆ ದಿನ ಪೂರ್ತಿ ಇಡಿಯೋದು" ಎಂದರು ಅಕ್ಕ.

"ಜಾಗ ಗೊತ್ತಿದ್ರೆ ಬೇಗ ಆಗುತ್ತೆ ಅಕ್ಕ" ಎಂದೆ.

"ಅವ್ರಿಗೆ ಗೊತ್ತಾಗ್ಲೇ ಇಲ್ಲ ನೋಡು" ಎಂದು ಅಕ್ಕ ಕೈ ಒರೆಸಿಕೊಳ್ಳಲು ನನಗೊಂದು ಬಟ್ಟೆ ಕೊಟ್ಟರು.