ತಡೆದದ್ದು ಯಾರ ಗೋಲು?

ಕಳೆದ ಭಾನುವಾರ ಮದ್ದೂರಿನಲ್ಲಿ ನಾನೊಂದು ಗೋಲು ತಡೆದೆ. ಸೊಗಸಾಗಿಯೇ ತಡೆದೆ. ತೊಂದರೆ ಏನೆಂದರೆ, ನಾನು ಆಟದಲ್ಲೇ ಇರಲಿಲ್ಲ. ಇನ್ನೂ ದೊಡ್ಡ ತೊಂದರೆ, ಅದು ನಮ್ಮ ಟೀಮಿನವರೇ ಹೊಡೆದ ಗೋಲು!

ಹಳೇ ಓದುಗರಿಗೆ ಗೊತ್ತಿದೆ. ಹನ್ನೆರಡು ವರ್ಷ ನಾನು ಮಂಡ್ಯ ಫುಟ್‌ಬಾಲ್ ಟೀಮಿನ ಫುಲ್‌ಬ್ಯಾಕು, ಅಂದರೆ ನಮ್ಮ ಗೋಲಿನತ್ತ ಬಂದದ್ದನ್ನೆಲ್ಲ ಒದ್ದು ಓಡಿಸುವವನು. ಟೀಮು ನಡೆಸುವ ಗಿರಣಿಯವರು ನನಗೆ ಗುಮಾಸ್ತೆ ಕೆಲಸ ಕೊಟ್ಟದ್ದು ಕಾಲು ನೋಡಿ, ಕೈಬರಹ ನೋಡಿ ಅಲ್ಲ. ಮಂಡಿ ಕೈಕೊಟ್ಟ ಮೇಲೆ ಮ್ಯಾನೇಜರ್ ಆದೆ. (ಮ್ಯಾನೇಜರ್ ಅಂದರೆ ನಿಂಬೆಹಣ್ಣು ಕೊಯ್ದು ಕೊಡುವವನು, ಚೆಂಡಿಗೆ ಗಾಳಿ ಹಾಕಿಸುವವನು, ಸೋತಾಗ ಬೈಸಿಕೊಳ್ಳುವವನು.)

ಅವತ್ತು ಮಳವಳ್ಳಿಯವರ ಮೇಲೆ ಫೈನಲ್. ಪಾಪ, ಅವರ ಇದ್ದಿಲು ಬಸ್ಸು (ಯುದ್ಧಕಾಲದಲ್ಲಿ ಪೆಟ್ರೋಲೆಲ್ಲಿದೆ?) ಏರಿನಲ್ಲಿ ಮುಂದೆ ಹೋಗಲೊಲ್ಲೆ ಎಂದು ನಿಂತು, ಆಟಗಾರರೇ ಇಳಿದು ತಳ್ಳಿಕೊಂಡು ಬಂದಿದ್ದರು. ಸುಸ್ತಾದವರನ್ನು ಸೋಲಿಸುವುದೇನು ಮಹಾ ಅಂದುಕೊಂಡೆ. ಆಟ ಮುಗಿಯುವ ಹೊತ್ತಾದರೂ ಎರಡೂ ಕಡೆ ಸೊನ್ನೆ.

ನಿಜ ಹೇಳಬೇಕೆಂದರೆ ನನ್ನ ಮನಸ್ಸು ಅಲ್ಲಿರಲಿಲ್ಲ. ಕೋಟಿನ ಜೇಬಿನಲ್ಲಿ ಮಗಳು ಜಾನಕಿಯ ಅರ್ಜಿ ಇತ್ತು. ಹೈಸ್ಕೂಲು ಪಾಸಾಗಿದ್ದಾಳೆ, ಮೈಸೂರಿಗೆ ಹೋಗಿ ಇಂಟರ್‌ಮೀಡಿಯೆಟ್ ಓದುತ್ತಾಳಂತೆ. ಬೇಕಾದದ್ದು ನನ್ನದೊಂದು ರುಜು. ಎರಡು ವಾರದಿಂದ "ನೋಡೋಣ, ನೋಡೋಣ" ಎನ್ನುತ್ತಿದ್ದೆ. ಸೋಮವಾರದ ಟಪಾಲಿಗೆ ಬೀಳದಿದ್ದರೆ ಈ ವರ್ಷ ಹೋಯಿತು. ಹೆಣ್ಣು ಹುಡುಗಿ, ಹಾಸ್ಟೆಲ್ಲು, ರೇಷನ್ ಕಾಲ. ಊರವರು ಏನಂದಾರು?

ಕೊನೆ ಗಳಿಗೆ. ನಮ್ಮ ಫಾರ್ವರ್ಡ್ ಗಫಾರ್ ಸಾಬ್ (ಬಸ್ ಮೆಕ್ಯಾನಿಕ್, ಬಲು ಚುರುಕು) ಚೆಂಡು ತಂದ. ಅವನನ್ನು ಹುರಿದುಂಬಿಸಲು ನಾನು ಮಳವಳ್ಳಿಯವರ ಗೋಲಿನ ಪಕ್ಕಕ್ಕೇ ಓಡಿ ನಿಂತಿದ್ದೆ. ಎರಡು ಬಿದಿರಿನ ಗಳ, ಮೇಲೊಂದು ಹಗ್ಗ. ಬಲೆ ಗಿಲೆ ಏನಿಲ್ಲ. ಗಫಾರ್ ಗೋಲು ಕಾಯುವ ಗೋಲಿಯನ್ನೂ ದಾಟಿಸಿ ಮೆಲ್ಲಗೆ ತಟ್ಟಿದ. ಚೆಂಡು ಖಾಲಿ ಗೋಲಿನತ್ತ ಉರುಳಿತು.

ನನಗೆ ಕಂಡದ್ದು ಗೆರೆ, ಗೆರೆಯ ಕಡೆಗೆ ಬರುತ್ತಿರುವ ಚೆಂಡು. ಅಷ್ಟೇ. ಪಂಚೆ ಎತ್ತಿ ಒಂದೇ ಒದೆ! ಚೆಂಡು ಪಕ್ಕದ ರಾಗಿ ಹೊಲದಲ್ಲಿ ಬಿತ್ತು.

ಮಳವಳ್ಳಿ ಕಡೆಯ ಜನ ಕುಣಿದರು. "ಅಯ್ಯೋ ಸಿವ್ನೇ! ನಮ್ ಗೋಲಿ ಬುಟ್ಟುದ್ನ ಅವ್ರ್ ಮ್ಯಾನೇಜ್ರೇ ತಡುದ್ರು ಕಣ್ಲಾ!"

ಗಫಾರ್ ತಲೆ ಮೇಲೆ ಕೈಹೊತ್ತು ಕೂತ. "ಮೂರ್ ವರ್ಸಕ್ಕೆ ಫೈನಲ್ನಲ್ ಒಂದ್ ಗೋಲ್ ಬಂದಿತ್ತು ರಾಯ್ರೇ. ಅದ್ನೂ ಒದ್ಬುಟ್ರಲ್ಲಾ!"

"ಬೇಕೂಂತ ಒದ್ದಿಲ್ಲಪ್ಪ. ಕಾಲು ತಾನಾಗೇ ಹೋಯ್ತು."

"ಬೇಕೂಂತ ಒದ್ದಿದ್ರೆ ಜಗಳನಾರಾ ಆಡ್ಬೋದಿತ್ತು," ಅಂದ.

ಹೊರಗಿನವರು ಮುಟ್ಟಿದರೆ ಗೋಲಿಲ್ಲ ಎಂದರು ರೆಫರಿ. ಆಟ ಸಮವೆಂದು ಕೊನೆಗೆ ಚೀಟಿ ಎತ್ತಿದರು, ಬಂದದ್ದು ಮಳವಳ್ಳಿ ಹೆಸರು. ಶೀಲ್ಡು ಇದ್ದಿಲು ಬಸ್ಸು ಹತ್ತಿ ಮಳವಳ್ಳಿಗೆ ಹೋಯಿತು. (ಈ ಸಲ ತಳ್ಳಲು ಅವರಿಗೆ ಬೇಜಾರಾಗಿರಲಿಕ್ಕಿಲ್ಲ.)

ಮನೆಯಲ್ಲಿ ಹೇಳಿದೆ. ನನ್ನಾಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಜಾನಕಿ ನಗಲಿಲ್ಲ.

"ಅಪ್ಪ, ಯಾರು ಹೊಡೆದದ್ದು ಅಂತ ನೋಡ್ಲೇ ಇಲ್ವಾ?"

"ಇಲ್ಲಮ್ಮ. ಬರ್ತಿತ್ತು, ಒದ್ದೆ."

ಅವಳು ಗೂಟಕ್ಕೆ ನೇತುಹಾಕಿದ್ದ ನನ್ನ ಕೋಟನ್ನೇ ನೋಡುತ್ತಾ ನಿಂತಳು. ನನಗೆ ನಾಚಿಕೆಯಾಯಿತು. ಹನ್ನೆರಡು ವರ್ಷ ಆಡಿದ್ದಕ್ಕೆ ಕಾಲಿಗೆ ಅಭ್ಯಾಸ, ಸರಿ. ಬಾಯಿಗೆ ಯಾವಾಗ ಅಭ್ಯಾಸವಾಯಿತು? ಸಂಸಾರವಂದಿಗರೆಲ್ಲ ಹೀಗೆಯೇ ಏನೋ. ಮಕ್ಕಳು ಏನಾದರೂ ತಂದರೆ ಸಾಕು, ನಮ್ಮಿಂದ ಮೊದಲು ಹೊರಡುವ ಮಾತು "ಬೇಡ", ಇಲ್ಲವೇ ಅದೇ ಅರ್ಥದ "ನೋಡೋಣ".

ಅರ್ಜಿ ತೆಗೆದೆ. ಬೆವರಿಗೆ ಒಂದು ಮೂಲೆ ಒದ್ದೆಯಾಗಿತ್ತು. ರುಜು ಹಾಕಿ, ಸೋಮವಾರ ನಾನೇ ಹೋಗಿ ಟಪಾಲಿಗೆ ಹಾಕಿ ಬಂದೆ.

ಅಂದಹಾಗೆ, ನಿಮ್ಮ ಕೋಟಿನ ಜೇಬಿನಲ್ಲಿ ಯಾರ ಅರ್ಜಿ ಇದೆ?